ಪೆನ್ ಡ್ರೈವ್ ಸತ್ತಿತು, ಅಜ್ಜಿಯ ಹಾಡು ಉಳಿಯಿತು

ಮನೆಯ ಸ್ಟೋರೇಜ್ ಸರ್ವರ್ ಶುರುವಾಗದಿದ್ದಾಗ ಮಾಡಬೇಕಾದ್ದು, ಮಾಡಬಾರದ್ದು



ಹಾಡು, ಹರಟೆ, ಊರಿನ ಸುದ್ದಿ ಹೊತ್ತು ನಿಮ್ಮ ಮನೆಗೆ ಬರುವ ನಾನು ಈ ಸಲ ಕಂಪ್ಯೂಟರ್ ವಿಷಯ ಬರೆಯುತ್ತಿದ್ದೇನೆ ಎಂದರೆ ನಿಮಗೆ ನಗು ಬರಬಹುದು. ನಾನು ಓದಿದ್ದು ಕನ್ನಡ ಬಿ.ಎ. ಕೇಶಿರಾಜನ ಸೂತ್ರ ಕೇಳಿದರೆ ತಡವರಿಸಿಯಾದರೂ ಹೇಳಿಯೇನು, ಕಂಪ್ಯೂಟರಿನ ಸೂತ್ರ ಮಾತ್ರ ಕೇಳಬೇಡಿ ಎನ್ನುವ ಪೈಕಿ. ಆದರೂ ಬರೆಯಲು ಕಾರಣವಿದೆ. ನಿಮ್ಮಲ್ಲಿ ಹಲವರು ಪತ್ರ ಬರೆದಾಗ, ಫೋನ್ ಮಾಡಿದಾಗ ಹೇಳುವ ಮಾತೊಂದಿದೆ: "ಊರಿನ ಹಳೆಯ ಕ್ಯಾಸೆಟ್, ಮದುವೆ ವಿಡಿಯೊ, ಅಪ್ಪನ ಫೋಟೊ ಎಲ್ಲ ಕಂಪ್ಯೂಟರಿಗೆ ಹಾಕಿಟ್ಟಿದ್ದೀವಿ, ಇನ್ನು ಚಿಂತೆ ಇಲ್ಲ." ನಾನೂ ಹಾಗೆಯೇ ಅಂದುಕೊಂಡಿದ್ದೆ, ಕಳೆದ ಮಳೆಗಾಲದ ಒಂದು ಬೆಳಿಗ್ಗೆಯವರೆಗೆ.

ಆ ಬೆಳಿಗ್ಗೆ ಆದದ್ದು

ನಮ್ಮದು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ. ಮಂಚದ ಪಕ್ಕ ಒಂದು ಹಳೆಯ ಕಂಪ್ಯೂಟರ್ ಡಬ್ಬ ಇದೆ. ಅದರೊಳಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಮನೆಯ ಯಾವ ಫೋನು, ಲ್ಯಾಪ್‌ಟಾಪಿನಿಂದಲಾದರೂ ಅದನ್ನು ತೆರೆಯಬಹುದು. ಇದಕ್ಕೇ ಮನೆಯ ಸ್ಟೋರೇಜ್ ಸರ್ವರ್ ಅಥವಾ ನ್ಯಾಸ್ ಎನ್ನುತ್ತಾರೆ. ನಮ್ಮ ಅಜ್ಜಿ ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ಅಪ್ಪ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟಿದ್ದರು. ಒಟ್ಟು 41 ಕ್ಯಾಸೆಟ್. ಮುಂಬಯಿಯ ಮಳೆಗೆ ಅವು ಬೂಷ್ಟು ಹಿಡಿಯತೊಡಗಿದಾಗ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ಕ್ಯಾಸೆಟ್‌ಗಳನ್ನು ಎಸೆದೆ. ಅಜ್ಜಿ ಈಗಿಲ್ಲ, ಅಪ್ಪನೂ ಇಲ್ಲ. ಆ ಹಾಡುಗಳು ಇದ್ದದ್ದು ಈ ಡಬ್ಬದಲ್ಲಿ ಮಾತ್ರ.

ಅಂದು ರಾತ್ರಿ ಎರಡು ಬಾರಿ ಕರೆಂಟ್ ಹೋಗಿ ಬಂದಿತ್ತು. ಬೆಳಿಗ್ಗೆ ನೋಡಿದರೆ ಸರ್ವರ್ ಯಾವ ಫೋನಿನಲ್ಲೂ ಕಾಣುತ್ತಿಲ್ಲ. ಟಿ.ವಿ.ಯ ವೈರ್ ಕಿತ್ತು ಅದಕ್ಕೆ ಜೋಡಿಸಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಮಾಡಲು ಯಾವ ಸಾಧನವೂ ಸಿಗುತ್ತಿಲ್ಲ.

ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ಲೇಕೆ ಆವೋ ಮೇಡಂ, ಪೂರಾ ಫಾರ್ಮ್ಯಾಟ್ ಕರ್ನಾ ಪಡೇಗಾ" ಎಂದ. ನಮ್ಮವರು ಒಂದು ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದರು. ವಿಂಡೋಸ್‌ನಲ್ಲಿ ಡ್ರೈವ್ ಕಾಣಲೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಹೆಸರಿಲ್ಲದ ಒಂದು ವಿಭಾಗ. ಅದರ ಮೇಲೆ ಮೌಸ್ ಒತ್ತಿದರೆ ಬಂದದ್ದು ಒಂದೇ ಆಯ್ಕೆ, 'ಡಿಲೀಟ್ ವಾಲ್ಯೂಮ್'. "ಡಿಲೀಟ್ ಮಾಡಿ ಮತ್ತೆ ಮಾಡಿದ್ರೆ ಬರಬಹುದೇನೋ" ಎಂದರು. ಅವರ ಬೆರಳು ಮೌಸ್ ಮೇಲಿತ್ತು. "ಒಂದು ನಿಮಿಷ ನಿಲ್ರಿ" ಎಂದು ನಮ್ಮ ಕೇಂದ್ರದ ಇಂಜಿನಿಯರ್‌ಗೆ ಫೋನ್ ಮಾಡಿದೆ.

"ಮೇಡಂ, ಡಿಸ್ಕ್ ತಿರುಗೋ ಸದ್ದು ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಸರ್. ಕಟಕಟ ಅಂತ ಏನೂ ಇಲ್ಲ."

"ಹಾಗಾದ್ರೆ ಎಲ್ಲ ಆಫ್ ಮಾಡಿ. ಸಂಜೆ ನಾನು ಬರೋವರೆಗೂ ಏನೂ ಮುಟ್ಟಬೇಡಿ. ಪರದೆ ಏನು ಕೇಳಿದ್ರೂ ಯೆಸ್ ಅನ್ನಬೇಡಿ. ನಿಮ್ಮ ಹಾಡು ಎಲ್ಲೂ ಹೋಗಿಲ್ಲ."

ಆ ಕೊನೆಯ ಮಾತು ಸಮಾಧಾನಕ್ಕೆ ಹೇಳಿದ್ದು ಅಂದುಕೊಂಡೆ. ಅದು ಬರೀ ಸಮಾಧಾನವಲ್ಲ, ನಿಜ ಎಂದು ಸಂಜೆ ತಿಳಿಯಿತು. ಅದನ್ನೇ ನಿಮಗೂ ತಿಳಿಸಬೇಕೆಂದು ಈ ಲೇಖನ.

ಉದ್ಘೋಷಕಿ ಬೇರೆ, ಟೇಪ್ ಲೈಬ್ರರಿ ಬೇರೆ

ಇಂಥ ಸರ್ವರ್‌ನಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ಒಂದು ಬೂಟ್ ಡ್ರೈವ್. ಸರ್ವರ್ ನಡೆಸುವ ತಂತ್ರಾಂಶ, ಯಾರಿಗೆ ಯಾವ ಪಾಸ್‌ವರ್ಡ್, ಯಾವ ಫೋಲ್ಡರ್ ಯಾರಿಗೆ ಕಾಣಬೇಕು ಎಂಬ ಲೆಕ್ಕ ಇರುವುದು ಅದರಲ್ಲಿ. ಇನ್ನೊಂದು ಡೇಟಾ ಡಿಸ್ಕ್‌ಗಳು. ಹಾಡು, ಫೋಟೊ ಇರುವುದು ಇಲ್ಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೂಟ್ ಡ್ರೈವ್ ಸ್ಟುಡಿಯೋದಲ್ಲಿ ಕೂತ ಉದ್ಘೋಷಕಿ, ಡೇಟಾ ಡಿಸ್ಕ್ ಪಕ್ಕದ ಕೋಣೆಯ ಟೇಪ್ ಲೈಬ್ರರಿ. ಉದ್ಘೋಷಕಿಗೆ ಜ್ವರ ಬಂದರೆ ಆ ದಿನ ಪ್ರಸಾರ ನಿಲ್ಲಬಹುದು, ಲೈಬ್ರರಿಯ ಟೇಪುಗಳಿಗೆ ಏನೂ ಆಗುವುದಿಲ್ಲ. ಬೇರೆಯವರು ಬಂದು ಕೂತರೆ ಆಯಿತು.

ಆದರೆ ಹೊಸಬರಿಗೆ ಯಾವ ಟೇಪ್ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ನಮ್ಮ ಲೈಬ್ರರಿಯಲ್ಲಿ ಸ್ಪೂಲ್ ಡಬ್ಬದ ಮೇಲೂ ಚೀಟಿ, ಒಳಗೂ ಚೀಟಿ ಇರುತ್ತಿತ್ತು. ಇಲ್ಲೂ ಹಾಗೆಯೇ. ನನ್ನ ಸರ್ವರ್ ಡಿಸ್ಕ್‌ಗೆ ಬರೆಯುವುದು ಜೆಡ್‌ಎಫ್‌ಎಸ್ ಎಂಬ ಪದ್ಧತಿಯಲ್ಲಿ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಅಹ್ರೆನ್ಸ್ 2001ರಲ್ಲಿ ಇದರ ಕೆಲಸ ಆರಂಭಿಸಿದರು. 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಈ ಪದ್ಧತಿಯಲ್ಲಿ ಒಟ್ಟಿಗೆ ದುಡಿಯುವ ಡಿಸ್ಕ್‌ಗಳ ಗುಂಪಿಗೆ ಪೂಲ್ ಎಂದು ಹೆಸರು. ಪೂಲ್‌ನ ಹೆಸರೇನು, ಅದರ ಗುರುತಿನ ಸಂಖ್ಯೆ ಏನು, ಈ ಡಿಸ್ಕ್‌ನ ಜಾಗ ಯಾವುದು, ಜೊತೆಗಾರ ಯಾರು ಎಂಬ ಚೀಟಿಯನ್ನು ಪ್ರತಿ ಡಿಸ್ಕ್‌ನ ಮೇಲೂ ನಾಲ್ಕು ಕಡೆ ಬರೆದಿರುತ್ತದೆ. ಆರಂಭದಲ್ಲಿ ಎರಡು, ಕೊನೆಯಲ್ಲಿ ಎರಡು. ಒಂದೊಂದು ಚೀಟಿಗೂ 256 ಕಿಲೋಬೈಟ್ ಜಾಗ. ಹಾಗಾಗಿ ಬೂಟ್ ಡ್ರೈವ್ ಪೂರ್ತಿ ಸುಟ್ಟುಹೋದರೂ, ಡಿಸ್ಕ್‌ಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ, ವೈರ್‌ಗಳು ಅದಲುಬದಲಾದರೂ ಅವು ತಮ್ಮ ಪರಿಚಯ ತಾವೇ ಹೇಳಿಕೊಳ್ಳುತ್ತವೆ.

ವಿಂಡೋಸ್‌ಗೆ ಈ ಚೀಟಿಯ ಭಾಷೆ ಗೊತ್ತಿಲ್ಲ. ಅದಕ್ಕೇ ಅದು ಡಿಲೀಟ್ ಎಂದದ್ದು. ಕೆಲವೊಮ್ಮೆ 'ಇನಿಶಿಯಲೈಸ್' ಮಾಡಲೇ ಎಂದೂ ಕೇಳುತ್ತದೆ. ಕನ್ನಡ ಬಾರದವನು ಕನ್ನಡ ಪುಸ್ತಕವನ್ನು ರದ್ದಿ ಎಂದಂತೆ. ಒಪ್ಪಿಕೊಂಡರೆ ತಪ್ಪು ನಮ್ಮದೇ.

ನಿಜವಾಗಿ ಹಾಳಾದದ್ದು ಯಾವುದು?

ಸಂಜೆ ಇಂಜಿನಿಯರ್ ಬಂದವರು ಮೊದಲು ಮಾಡಿದ್ದು ರಿಪೇರಿಯಲ್ಲ, ವಿಚಾರಣೆ. ನೀವೂ ಇದೇ ಕ್ರಮದಲ್ಲಿ ನೋಡಬಹುದು.

ಮೊದಲನೆಯದು, ಬಯಾಸ್ ಪರದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ ಸಾಮಾನ್ಯವಾಗಿ ಇದು ಬರುತ್ತದೆ. ಅಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿನದನ್ನು ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ ಎಂದರ್ಥ. ಕರೆಂಟ್ ಹೋದಾಗ ಯಾವ ಡ್ರೈವ್‌ನಿಂದ ಶುರು ಮಾಡಬೇಕು ಎಂಬುದನ್ನೇ ಕಂಪ್ಯೂಟರ್ ಮರೆತಿರುತ್ತದೆ. ಬ್ಯಾಟರಿ ಬದಲಿಸಿ, ಬೂಟ್ ಕ್ರಮ ಸರಿಪಡಿಸಿದರೆ ಅಲ್ಲಿಗೇ ಕಥೆ ಮುಗಿಯಬಹುದು.

ಎರಡನೆಯದು, ಅದೇ ಪರದೆಯಲ್ಲಿ ಬೂಟ್ ಡ್ರೈವ್‌ನ ಹೆಸರು ಇದೆಯೇ? ಇಲ್ಲದಿದ್ದರೆ ಅದನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ ನೋಡಿ. ಎಸ್‌ಎಸ್‌ಡಿ ಆಗಿದ್ದರೆ ವೈರ್ ಬದಲಿಸಿ.

ಮೂರನೆಯದು, ಡೇಟಾ ಡಿಸ್ಕ್‌ಗಳ ಹೆಸರು ಕಾಣುತ್ತಿದೆಯೇ? ಅವೂ ಕಾಣದಿದ್ದರೆ ತೊಂದರೆ ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್‌ನಲ್ಲಿರಬಹುದು. ಡಿಸ್ಕ್‌ನಿಂದ ಕಟಕಟ ಸದ್ದು ಬರುತ್ತಿದ್ದರೆ ಆ ಕ್ಷಣವೇ ಆಫ್ ಮಾಡಿ, ಡೇಟಾ ರಿಕವರಿ ಬಲ್ಲವರನ್ನು ಕೇಳಬೇಕು. ಅದು ಈ ಲೇಖನದ ಕಾಯಿಲೆಯಲ್ಲ.

ನಮ್ಮಲ್ಲಿ ಎರಡೂ ಡೇಟಾ ಡಿಸ್ಕ್‌ಗಳ ಹೆಸರು ಸ್ಪಷ್ಟವಾಗಿತ್ತು. ಕಾಣದೆ ಹೋದದ್ದು ಬೂಟ್ ಡ್ರೈವ್, ಅಂದರೆ 16 ಜಿಬಿಯ ಒಂದು ಪೆನ್ ಡ್ರೈವ್. ಯಾವ ಪೋರ್ಟ್‌ಗೆ, ಯಾವ ಕಂಪ್ಯೂಟರಿಗೆ ಹಾಕಿದರೂ ಉಸಿರಿಲ್ಲ.

ಪೆನ್ ಡ್ರೈವ್ ಏಕೆ ಹಾಕಿದ್ದೆ ಎನ್ನುತ್ತೀರಾ? ಹಿಂದೆ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ನಾನು ಬಳಸುವ ತಂತ್ರಾಂಶ ಟ್ರೂನ್ಯಾಸ್. ಇದರ ಮೂಲ ಹೆಸರು ಫ್ರೀನ್ಯಾಸ್, 2005ರಲ್ಲಿ ಫ್ರಾನ್ಸ್‌ನ ಒಬ್ಬ ಇಂಜಿನಿಯರ್ ಆರಂಭಿಸಿದ್ದು. 2020ರಿಂದ ಟ್ರೂನ್ಯಾಸ್ ಎಂಬ ಹೆಸರು. ಆರಂಭದ ಆವೃತ್ತಿಗಳು ಶುರುವಾಗುವಾಗ ಒಮ್ಮೆ ಓದಿಕೊಂಡು, ಆಮೇಲೆ ಬೂಟ್ ಡ್ರೈವ್‌ಗೆ ಹೆಚ್ಚೇನೂ ಬರೆಯುತ್ತಿರಲಿಲ್ಲ. ಪೆನ್ ಡ್ರೈವ್ ಸಾಕಾಗುತ್ತಿತ್ತು. 2014ರ ಕೊನೆಯಲ್ಲಿ ಬಂದ 9.3 ಆವೃತ್ತಿಯಿಂದ ಬೂಟ್ ಡ್ರೈವ್‌ನಲ್ಲೂ ಜೆಡ್‌ಎಫ್‌ಎಸ್ ಬಂತು, ಬರೆಯುವ ಕೆಲಸ ಹೆಚ್ಚಿತು. ಪೆನ್ ಡ್ರೈವ್‌ನ ಒಳಗಿನ ಕೋಶಗಳು ಇಷ್ಟು ಸಲ ಎಂದು ಮಾತ್ರ ಬರೆಸಿಕೊಳ್ಳಬಲ್ಲವು. ಸವೆದು ಸತ್ತವು. ಈಗ ಟ್ರೂನ್ಯಾಸ್‌ನವರೇ ಪೆನ್ ಡ್ರೈವ್ ಬೇಡ, ಕನಿಷ್ಠ 16 ಜಿಬಿಯ ಎಸ್‌ಎಸ್‌ಡಿ ಹಾಕಿ ಎನ್ನುತ್ತಾರೆ. ನಾನು ಹಳೆಯ ಸಲಹೆ ಹಿಡಿದು ಕೂತಿದ್ದೆ.

ಮತ್ತೆ ಜೀವ ತುಂಬಿದ್ದು ಹೀಗೆ

ಮಾರನೆಯ ದಿನ ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಒಂದು ಚಿಕ್ಕ ಎಸ್‌ಎಸ್‌ಡಿ ತಂದೆ. ಆಮೇಲಿನ ಕೆಲಸ ಹೀಗೆ ನಡೆಯಿತು.

1. ಮೊದಲು ಡೇಟಾ ಡಿಸ್ಕ್‌ಗಳ ವೈರ್ ಬಿಚ್ಚಿ. ಇದೇ ಅತಿ ಮುಖ್ಯ ಹೆಜ್ಜೆ. ತಂತ್ರಾಂಶವನ್ನು ಯಾವ ಡಿಸ್ಕ್‌ಗೆ ಹಾಕಲಿ ಎಂದು ಕೇಳುವ ಪಟ್ಟಿಯಲ್ಲಿ ಎಲ್ಲ ಡಿಸ್ಕ್‌ಗಳೂ ಇರುತ್ತವೆ. ಆರಿಸಿದ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ವೈರ್ ಬಿಚ್ಚಿದ್ದರೆ ಬೆರಳು ತಪ್ಪಿದರೂ ಅಳಿಸಲು ಅಲ್ಲೇನೂ ಇರುವುದಿಲ್ಲ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

2. ತಂತ್ರಾಂಶ ಹೊಸದಾಗಿ ಹಾಕಿ. ಲ್ಯಾಪ್‌ಟಾಪಿನಲ್ಲಿ ಟ್ರೂನ್ಯಾಸ್‌ನ ಐಎಸ್‌ಒ ಫೈಲ್ ಇಳಿಸಿಕೊಂಡು, ರೂಫಸ್‌ನಂಥ ತಂತ್ರಾಂಶದಿಂದ ಒಂದು ಖಾಲಿ ಪೆನ್ ಡ್ರೈವ್‌ಗೆ ಬರೆಯಬೇಕು. ಅದರಿಂದ ಕಂಪ್ಯೂಟರ್ ಶುರು ಮಾಡಿ ಹೊಸ ಎಸ್‌ಎಸ್‌ಡಿಗೆ ಹಾಕಬೇಕು. ಆದಷ್ಟೂ ಮೊದಲಿದ್ದ ಆವೃತ್ತಿಯನ್ನೇ ಹಾಕಿ. ಹೊಸ ಆವೃತ್ತಿಗೆ ಹಳೆಯ ಪೂಲ್ ಓದಲು ಬರುತ್ತದೆ. ಆದರೆ ಹಳೆಯ ಆವೃತ್ತಿಗೆ ಹೊಸ ಸೌಲಭ್ಯ ಸೇರಿದ ಪೂಲ್ ಓದಲು ಬಾರದೆ ಹೋಗಬಹುದು.

3. ಆಫ್ ಮಾಡಿ ಡೇಟಾ ಡಿಸ್ಕ್‌ಗಳ ವೈರ್ ಮತ್ತೆ ಜೋಡಿಸಿ, ಆನ್ ಮಾಡಿ. ಪರದೆಯ ಮೇಲೆ ಒಂದು ಐಪಿ ವಿಳಾಸ ಕಾಣುತ್ತದೆ. ಅದನ್ನು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಹೊಡೆದರೆ ಸರ್ವರ್‌ನ ಪುಟ ತೆರೆಯುತ್ತದೆ. ವಿಳಾಸ ಹಿಂದಿನದಕ್ಕಿಂತ ಬೇರೆ ಇರಬಹುದು, ಗಾಬರಿ ಬೇಡ.

4. ಸ್ಟೋರೇಜ್ ವಿಭಾಗಕ್ಕೆ ಹೋಗಿ. ಅಲ್ಲಿ ಎರಡು ಬಟನ್. ಒಂದು 'ಕ್ರಿಯೇಟ್ ಪೂಲ್', ಇನ್ನೊಂದು 'ಇಂಪೋರ್ಟ್ ಪೂಲ್'. ಕ್ರಿಯೇಟ್ ಎಂದರೆ ಲೈಬ್ರರಿ ಖಾಲಿ ಮಾಡಿ ಹೊಸ ಕಪಾಟು ಇಡುವುದು. ಇಂಪೋರ್ಟ್ ಎಂದರೆ ಇರುವ ಕಪಾಟಿನ ಬಾಗಿಲು ತೆರೆಯುವುದು. ನಮಗೆ ಬೇಕಾದದ್ದು ಇಂಪೋರ್ಟ್ ಮಾತ್ರ. ಈ ಒಂದು ಪದ ನೆನಪಿದ್ದರೆ ಈ ಲೇಖನ ಸಾರ್ಥಕ.

ಕಮಾಂಡ್ ಬಲ್ಲವರು 'ಜೆಡ್‌ಪೂಲ್ ಇಂಪೋರ್ಟ್' ಎಂದಷ್ಟೇ ಹೊಡೆದರೆ ಕಣ್ಣಿಗೆ ಬಿದ್ದ ಪೂಲ್‌ಗಳ ಪಟ್ಟಿ ಬರುತ್ತದೆ, ಏನೂ ಬದಲಾಗುವುದಿಲ್ಲ. ಈ ಪೂಲ್ ಬೇರೆ ಯಂತ್ರದಲ್ಲಿ ಬಳಕೆಯಲ್ಲಿತ್ತು ಎಂಬ ಎಚ್ಚರಿಕೆ ಬರುವುದು ಸಹಜ. ಹಳೆಯ ಯಂತ್ರ ಬಿಟ್ಟುಕೊಡುವ ಮೊದಲೇ ಸತ್ತಿತಲ್ಲ! ಆ ಯಂತ್ರ ಈಗ ಚಾಲ್ತಿಯಲ್ಲಿಲ್ಲ ಎಂದು ಖಚಿತವಿದ್ದರೆ ಒತ್ತಾಯದ ಆಯ್ಕೆ ಕೊಡಬಹುದು. ಅನುಮಾನವಿದ್ದರೆ ಓದಲು ಮಾತ್ರ ಎಂಬ ಆಯ್ಕೆಯಲ್ಲಿ ತೆರೆದು, ಮುಖ್ಯವಾದದ್ದನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಇಂಜಿನಿಯರ್ ಇಂಪೋರ್ಟ್ ಒತ್ತಿದರು. ಪಟ್ಟಿಯಲ್ಲಿ ಒಂದೇ ಹೆಸರು, ನಾನೇ ಇಟ್ಟದ್ದು: 'ಕಣಜ'. ಅವರು ನನ್ನ ಕಡೆ ನೋಡಿ, "ಇದೇನಾ ಮೇಡಂ?" ಎಂದರು. ನನಗೆ ಮಾತು ಹೊರಡಲಿಲ್ಲ, ತಲೆ ಆಡಿಸಿದೆ. ಮೈಕ್ ಮುಂದೆ ಎಂದೂ ಹಾಗಾದದ್ದಿಲ್ಲ.

ಬಾಗಿಲು ತೆರೆದ ಮೇಲೆ

ಪೂಲ್ ಬಂದರೂ ಫೋನುಗಳಲ್ಲಿ ಫೋಲ್ಡರ್ ಕಾಣಲಿಲ್ಲ. ಬಳಕೆದಾರರ ಹೆಸರು, ಪಾಸ್‌ವರ್ಡ್, ಹಂಚಿಕೆಯ ಲೆಕ್ಕ ಹಳೆಯ ಪೆನ್ ಡ್ರೈವ್ ಜೊತೆ ಹೋಗಿತ್ತು. ಇದನ್ನು ಕಾನ್ಫಿಗ್ ಎನ್ನುತ್ತಾರೆ. ಮೊದಲೇ ಇಳಿಸಿಟ್ಟ ಕಾನ್ಫಿಗ್ ಫೈಲ್ ಇದ್ದರೆ ಅದನ್ನು ಅಪ್‌ಲೋಡ್ ಮಾಡಿದರೆ ಸಾಕು. ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಿ ಎಲ್ಲವೂ ಮೊದಲಿನಂತೆ ಬರುತ್ತದೆ. ನನ್ನ ಹತ್ತಿರ ಇರಲಿಲ್ಲ. ಸಿಸ್ಟಮ್ ಡೇಟಾಸೆಟ್ ಎಂಬುದು ಡೇಟಾ ಪೂಲ್‌ನಲ್ಲಿದ್ದರೆ ಟ್ರೂನ್ಯಾಸ್ ಪ್ರತಿ ರಾತ್ರಿ ಅಲ್ಲೊಂದು ನಕಲು ಇಡುತ್ತದೆ, ತಿಳಿದವರು ಹುಡುಕಿ ತೆಗೆಯಬಲ್ಲರು. ಆದರೆ ಅದನ್ನೇ ನಂಬಿ ಕೂರಬೇಡಿ. ನಮ್ಮ ಮನೆಯಲ್ಲಿ ಇದ್ದವರೇ ಮೂವರು, ನಾವು ಕೈಯಿಂದಲೇ ಮತ್ತೆ ಬರೆದೆವು.

ಇಲ್ಲೊಂದು ಸೂಕ್ಷ್ಮವಿದೆ. ಫೈಲ್‌ನ ಒಡೆಯ ಯಾರು ಎಂಬುದು ಡಿಸ್ಕ್‌ನಲ್ಲಿ ಹೆಸರಾಗಿ ಅಲ್ಲ, ಸಂಖ್ಯೆಯಾಗಿ ಇರುತ್ತದೆ. ಮೊದಲು ನಾನು 1000, ನಮ್ಮವರು 1001 ಆಗಿದ್ದೆವು ಎನ್ನಿ. ಈಗ ಅವರನ್ನು ಮೊದಲು ಸೇರಿಸಿದರೆ ಅವರು 1000 ಆಗಿಬಿಡುತ್ತಾರೆ, ನನ್ನ ಫೈಲುಗಳಿಗೆ ನನಗೇ ಅನುಮತಿ ಇಲ್ಲ! ಸೇರಿಸುವಾಗ ಹಳೆಯ ಸಂಖ್ಯೆಗಳನ್ನೇ ಕೊಡಿ.

ಕೊನೆಗೆ 'ಸ್ಕ್ರಬ್' ನಡೆಸಿದೆವು. ಬರೆದಿಟ್ಟ ಪ್ರತಿ ತುಣುಕನ್ನೂ ಓದಿ ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸವಿದು. ಒಂದು ಡಿಸ್ಕ್‌ನಲ್ಲಿ ತಪ್ಪು ಕಂಡರೆ ಇನ್ನೊಂದರಿಂದ ತಂದು ಸರಿಪಡಿಸುತ್ತದೆ. ಸುಮಾರು ಮೂರು ಗಂಟೆ ಹಿಡಿಯಿತು. ತಪ್ಪು ಸೊನ್ನೆ.

ನಿಮ್ಮದು ಬೇರೆ ತಂತ್ರಾಂಶವಾದರೆ

ಓಪನ್‌ಮೀಡಿಯಾವಾಲ್ಟ್ ಅಥವಾ ಬರೀ ಲಿನಕ್ಸ್ ಇದ್ದವರಿಗೂ ತತ್ವ ಒಂದೇ. ಲಿನಕ್ಸ್‌ನ ಎಂಡಿ ರೇಡ್ ಕೂಡ ತನ್ನ ಗುರುತನ್ನು ಪ್ರತಿ ಡಿಸ್ಕ್‌ನಲ್ಲೂ ಬರೆದಿರುತ್ತದೆ. ಅಲ್ಲಿ 'ಅಸೆಂಬಲ್' ಎಂಬ ಆಯ್ಕೆ ಬಳಸಬೇಕು, 'ಕ್ರಿಯೇಟ್' ಅಲ್ಲ. ಫೈಲ್‌ಸಿಸ್ಟಮ್ ವಿಭಾಗದಲ್ಲಿ 'ಮೌಂಟ್' ಮಾಡಬೇಕು, ಹೊಸದು ಮಾಡಬಾರದು. ಸಿನಾಲಜಿಯಂಥ ಸಿದ್ಧ ಪೆಟ್ಟಿಗೆಗಳಲ್ಲಿ ಬೇರೆ ಬೂಟ್ ಡ್ರೈವ್ ಇರುವುದಿಲ್ಲ. ತಂತ್ರಾಂಶದ ಪ್ರತಿಯನ್ನು ಡೇಟಾ ಡಿಸ್ಕ್‌ಗಳ ಮೇಲೆಯೇ ಇಟ್ಟಿರುತ್ತದೆ. ಅವರ ದಾರಿ ಬೇರೆ, ಕಂಪನಿಯ ಸೂಚನೆಯಂತೆ ನಡೆಯಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಬೂಟ್ ಡ್ರೈವ್ ಜೊತೆ ಡೇಟಾ ಕೂಡ ಹೋಗಬಹುದು. ಪೂಲ್‌ಗೆ ಎನ್‌ಕ್ರಿಪ್ಶನ್, ಅಂದರೆ ಗುಪ್ತಲಿಪಿಯ ಬೀಗ ಹಾಕಿ, ಅದರ ಕೀ ಫೈಲನ್ನು ಬೇರೆಲ್ಲೂ ಇಡದಿದ್ದರೆ. ಡಿಸ್ಕ್ ಎಷ್ಟೇ ಗಟ್ಟಿಯಿದ್ದರೂ ಕೀ ಇಲ್ಲದೆ ಯಾವ ಅಂಗಡಿಯವನೂ ತೆರೆಯಲಾರ. ನಿಮ್ಮಲ್ಲಿ ಬೀಗವಿದ್ದರೆ ಇಂದೇ ಕೀ ಇಳಿಸಿ ಬೇರೆ ಜಾಗದಲ್ಲಿಡಿ.

ಈಗ ನಮ್ಮ ಮನೆಯ ವ್ಯವಸ್ಥೆ

ಬೂಟ್‌ಗೆ ಎಸ್‌ಎಸ್‌ಡಿ ಬಂತು, ಪಕ್ಕದಲ್ಲಿ ಒಂದು ಯುಪಿಎಸ್ ಬಂತು. ಸರ್ವರ್‌ನಲ್ಲಿ ಏನೇ ಬದಲಿಸಿದರೂ ಕಾನ್ಫಿಗ್ ಫೈಲ್ ಇಳಿಸಿ ಸರ್ವರ್‌ನಿಂದ ಹೊರಗೆ ಇಡುತ್ತೇನೆ. ಇಳಿಸುವಾಗ 'ಸೀಕ್ರೆಟ್ ಸೀಡ್' ಎಂಬ ಚೌಕದಲ್ಲಿ ಗುರುತು ಹಾಕಬೇಕು. ಇಲ್ಲದಿದ್ದರೆ ಹೊಸ ಡ್ರೈವ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ. ಆ ಗುರುತು ಇರುವ ಫೈಲನ್ನು ಮನೆ ಕೀಯಷ್ಟೇ ಜೋಪಾನ ಮಾಡಬೇಕು. ಅಡುಗೆಮನೆ ಕಪಾಟಿನ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: ಪೂಲ್ ಹೆಸರು, ಆವೃತ್ತಿ, ಡಿಸ್ಕ್‌ಗಳ ಸೀರಿಯಲ್ ನಂಬರ್, ಮೂವರ ಸಂಖ್ಯೆ. ಕೆಳಗೆ ದಪ್ಪಕ್ಷರದಲ್ಲಿ: "ಕ್ರಿಯೇಟ್ ಅಲ್ಲ, ಇಂಪೋರ್ಟ್."

ಎಲ್ಲಕ್ಕಿಂತ ದೊಡ್ಡ ಪಾಠ ಇನ್ನೊಂದು. ಎರಡು ಡಿಸ್ಕ್ ಇದೆ, ಆದ್ದರಿಂದ ಎರಡು ಪ್ರತಿ ಇದೆ ಎಂದು ನಾನು ನಂಬಿದ್ದೆ. ಅಲ್ಲ. ಒಂದರಲ್ಲಿ ಅಳಿಸಿದರೆ ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಮನೆಗೆ ನೀರು ನುಗ್ಗಿದರೆ ಎರಡೂ ಮುಳುಗುತ್ತವೆ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಿರಲಿ ಎಂದಷ್ಟೇ ಆ ಜೋಡಿ. ನಿಜವಾದ ಪ್ರತಿ ಬೇರೆ ಮನೆಯಲ್ಲಿರಬೇಕು. ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ 41 ಕ್ಯಾಸೆಟ್‌ಗಳ ಹಾಡನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ತುಂಬಿ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿಟ್ಟು ಬಂದೆ.

ಅವ್ವನಿಗೆ ಈ ಕಥೆಯೆಲ್ಲ ಹೇಳಿದಾಗ, "ಅಷ್ಟು ದಿನ ಒಂದ ಡಬ್ಬಿ ನಂಬಿ ಕುಂತಿದ್ದೇನವ್ವಾ? ನಾವು ಬೀಜದ ಜ್ವಾಳನ ಎರಡು ಮನ್ಯಾಗ ಇಡ್ತಿದ್ವಿ" ಎಂದಳು. ಬಿ.ಎ. ಓದಿದ ನನಗೆ ಹೊಳೆಯದ್ದು.

ಕೇಳುಗರೇ, ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಕಾನ್ಫಿಗ್ ಇಳಿಸಿ, ಚೀಟಿ ಬರೆಯಿರಿ, ಒಂದು ಪ್ರತಿ ಊರಿಗೆ ಕಳಿಸಿ. ನಿಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಅತ್ತೆಯರ ಹಾಡು ಕ್ಯಾಸೆಟ್‌ನಲ್ಲೇ ಇದ್ದರೆ ಮಳೆಗಾಲಕ್ಕೆ ಮೊದಲು ಇಳಿಸಿಕೊಳ್ಳಿ. ಕ್ಯಾಸೆಟ್ ಮಾತ್ರ ನನ್ನ ಹಾಗೆ ಎಸೆಯಬೇಡಿ. ಹಾಗೆ ಉಳಿಸಿಕೊಂಡ ಹಾಡಿದ್ದರೆ ನಮಗೂ ಬರೆದು ತಿಳಿಸಿ.

ಆ ದಿನ ಸ್ಕ್ರಬ್ ಮುಗಿದಾಗ ರಾತ್ರಿ ಹನ್ನೊಂದು ಗಂಟೆ. ಮೊದಲ ಕ್ಯಾಸೆಟ್‌ನ ಫೈಲ್ ತೆರೆದೆ. ಹಾಡಿಗೆ ಮೊದಲು ಅಜ್ಜಿ ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುತ್ತಾಳೆ, "ಸುರು ಮಾಡ್ಲೇನೋ?" ಎಂದು ಅಪ್ಪನನ್ನು ಕೇಳುತ್ತಾಳೆ, ಅಪ್ಪ "ಹೂಂ" ಎನ್ನುತ್ತಾರೆ. ಮೊದಲು ಕ್ಯಾಸೆಟ್ ಇಳಿಸುವಾಗ ಆ ಭಾಗ ಕತ್ತರಿಸೋಣ ಅಂದುಕೊಂಡಿದ್ದೆ. ಕತ್ತರಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಮತ್ತೆ ಸಿಗೋಣ, ಅದೇ ಹೊತ್ತಿಗೆ, ಅದೇ ಅಲೆಯಲ್ಲಿ.

ನಿಮ್ಮ ಕನ್ನಡ ಕಾರ್ಯಕ್ರಮದ ಉದ್ಘೋಷಕಿ